ಕಡ್ಡಿಯ ಕೋಣೆಯ ಬೊಂಬೆಗಳು

ಮಾರ್ಚ್ 4, ಮಂಗಳವಾರ

ಮಾತ್ರೆ ಆಯಿತು. ಚೆಂಡು ಹಿಸುಕಿದ್ದೂ ಆಯಿತು. ಇನ್ನು ಬರೆಯುವುದು. ಬಲಗೈಗೆ ಶಕ್ತಿ ಬರಲಿ ಎಂದು ಫಿಸಿಯೋ ಹುಡುಗಿ ಕೊಟ್ಟ ಶಿಕ್ಷೆ — ದಿನಾ ಏನಾದ್ರೂ ಗೀಚಿ ಅಜ್ಜಿ, ಬೆರಳು ಓಡಿದ್ರೆ ಸಾಕು. ಊರ ಶಾಲೆಯ ನಾಲ್ಕನೇ ತರಗತಿಯ ಅಕ್ಷರ. ಆಗಲೂ ಸೊಟ್ಟ, ಈಗಲೂ ಸೊಟ್ಟ. ಓದುವವರಿಲ್ಲ, ಆದ್ದರಿಂದ ನಾಚಿಕೆಯೂ ಇಲ್ಲ.

ಮಗಳು ಶಾಲೆಗೆ ಹೊರಟಳು. ಹೆಡ್‌ಮಿಸ್ ಆದ ಮೇಲೆ ಮನೆಯಲ್ಲೂ ಹಾಜರಿ ಕೂಗುವ ಚಾಳಿ. "ಅಮ್ಮಾ, ಮಾತ್ರೆ ತಗೊಂಡ್ಯಾ?" ಚಪ್ಪಲಿ ಹಾಕಿಕೊಂಡು ಮತ್ತೊಮ್ಮೆ. ಮೆಟ್ಟಿಲಿಳಿಯುತ್ತಾ ಇನ್ನೊಮ್ಮೆ. ಕೊನೆಯದಕ್ಕೆ ಉತ್ತರ ಕೊಡಲಿಲ್ಲ. ನನ್ನ ಮಾತ್ರೆಯ ಸುದ್ದಿ ಬೀದಿಗೆಲ್ಲ ಯಾಕೆ.

ಉಳಿದವರು ನಾನು ಮತ್ತು ಮೊಮ್ಮಗಳು. ಅವಳಿಗೆ ಕಡ್ಡಿ ಎಂದು ಹೆಸರಿಟ್ಟವಳು ನಾನೇ. ಬೆಂಕಿಕಡ್ಡಿಯಷ್ಟು ಮೈ, ತಲೆಯಲ್ಲಿ ಕಿಡಿ. ಕಂಪ್ಯೂಟರ್ ಕೆಲಸ. ಕಿಟಕಿ ಪಕ್ಕದ ಕೋಣೆಯೇ ಆಫೀಸು. ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಒಂದು ವೆಬ್‌ಸೈಟ್ ಕಟ್ಟುತ್ತಿದ್ದಾಳೆ — ಯಾರ ಸರದಿ ಯಾವಾಗ, ಯಾವ ಮೆಷಿನ್ನಿಗೆ, ಸರದಿ ಬದಲಾದರೆ ರೋಗಿಯ ಫೋನಿಗೆ ಮೆಸೇಜು.

ಇದು ಯಾಕೆ ಬೇಕು ಎಂದು ತಿಳಿಯಲು ಕೆಳಮನೆಯ ಟೈಲರ್‌ನನ್ನು ನೋಡಿದರೆ ಸಾಕು. ಕಿಡ್ನಿ ಎರಡೂ ಕೈಕೊಟ್ಟಿವೆ. ವಾರಕ್ಕೆರಡು ಸಲ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹೋದ ತಿಂಗಳು ಅಲ್ಲಿ ಒಂದು ಮೆಷಿನ್ ಕೆಟ್ಟು ಎಲ್ಲರ ಸರದಿ ಹಿಂದೆ ಮುಂದೆ ಆಯಿತು. ಕೌಂಟರಿನವಳು ಒಬ್ಬೊಬ್ಬರಿಗೇ ಫೋನು ಮಾಡಿದಳು. ಇವನು ಹೊಲಿಗೆ ಮೆಷಿನ್ ತುಳಿಯುತ್ತಿದ್ದ, ಕೇಳಿಸಲಿಲ್ಲ. ಸರದಿ ತಪ್ಪಿತು. ಮರುದಿನ ಕಾಲು ಕಂಬದ ಹಾಗೆ ಊದಿ, ಉಸಿರು ಸಿಗದೆ... ಆಂಬುಲೆನ್ಸಿನಲ್ಲಿ ಹೋದವನು ಮನೆಗೆ ಬಂದದ್ದೇ ದೊಡ್ಡದು. ಇನ್ನೊಂದು ಸಲ ಹೀಗಾದರೆ ನಮ್ಮ ಕೈಲಿಲ್ಲ ಎಂದಿದ್ದಾರಂತೆ ಡಾಕ್ಟರು.

ಕಡ್ಡಿಗೆ ಟೀ ಕೊಡಲು ಹೋದೆ. ಪರದೆಯ ತುಂಬಾ ಹಸಿರು ಗುರುತು, ಹೊಸದಾಗಿ ಚಿಗುರಿದ ಹಾಗೆ. ಟೆಸ್ಟ್ ಅಂತೆ. ಪಾಸಾದರೆ ಹಸಿರು, ಫೇಲಾದರೆ ಕೆಂಪು.

"ಮೆಸೇಜು ಹೋಯ್ತಾ?"

"ಹೋಯ್ತು ಅಜ್ಜಿ."

"ಯಾರಿಗೆ?"

"ಯಾರಿಗೂ ಇಲ್ಲ. ಅದು ಮಾಕ್. ಮೆಸೇಜ್ ಕಳಿಸೋ ಕಂಪನಿ ಥರಾ ನಟಿಸೋದು. ನಾನೇ ಮಾಡಿದ್ದು."

"ಈ ರೋಗಿ?"

"ಅವರೂ ನಾನೇ ಮಾಡಿದ್ದು."

"ಗಡಿಯಾರ?"

"ಅದೂ."

ಟೀ ಮಾತ್ರ ನಿಜ, ಆರೋದ್ರೊಳಗೆ ಕುಡಿ ಎಂದು ಇಟ್ಟು ಬಂದೆ. ಇಷ್ಟು ಓದಿಸಿದ್ದು ಮನೆ ಮನೆ ಆಟ ಆಡಲಿಕ್ಕಾ. ಕೈ ನೋಯುತ್ತಿದೆ. ಇಷ್ಟು ಸಾಕು.


ಮಾರ್ಚ್ 5, ಬುಧವಾರ

ಸೀರೆಗೆ ಅಂಚು ಹೊಲಿಸಲು ಕೆಳಗೆ ಹೋದೆ. ಟೈಲರ್‌ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕತ್ತರಿಸಿದ ಚೂರು, ಸೀಮೆಸುಣ್ಣ, ಇಸ್ತ್ರಿ ಪೆಟ್ಟಿಗೆ. ಮೂಲೆಯಲ್ಲಿ ಮರದ ಬೊಂಬೆ, ಮೈಮೇಲೆ ತೋಳಿಲ್ಲದ ಅರ್ಧ ಕೋಟು. ತಲೆಯಿಲ್ಲ, ಕಾಲಿಲ್ಲ, ಆದರೂ ಗತ್ತು ಬಹಳ.

"ನಿಮ್ಮ ಮೊಮ್ಮಗಳ ಸಿಸ್ಟಮ್ ಯಾವಾಗ ಶುರು ಅಮ್ಮ? ಹದಿನೇಳಕ್ಕೆ ಅಂದ್ರು ಕೌಂಟರಿನಲ್ಲಿ. ಆಮೇಲೆ ನಾನು ನೆಮ್ಮದಿಯಾಗಿ ಹೊಲೀಬಹುದು," ಎಂದ.

ನನ್ನ ನಾಲಿಗೆಗೆ ಬಾಗಿಲಿಲ್ಲ. "ಅದನ್ನು ನೆಚ್ಕೊಂಡು ಕೂರ್ಬೇಡಪ್ಪ. ನಾನೇ ನೋಡ್ದೆ. ರೋಗಿ ಸುಳ್ಳು, ಮೆಸೇಜು ಸುಳ್ಳು, ಗಡಿಯಾರವೂ ಸುಳ್ಳು. ಎಲ್ಲಾ ಹಸಿರು ಅಂತ ತಾನೇ ಬರ್ಕೊಂಡು ತಾನೇ ಖುಷಿ ಪಡ್ತಾಳೆ."

ಟೈಲರ್‌ನ ಕಾಲು ಪೆಡಲಿನ ಮೇಲೆ ನಿಂತಿತು. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಆಕೆ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಾಳೆ, ಹಗಲು ಇರುವುದಿಲ್ಲ, ಇವತ್ತು ರಜೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅಂಚಿನ ಬಣ್ಣದ ಮಾತಿಗೆ ಹೊರಳಿದೆ. ಅವರು ಹೊರಳಲಿಲ್ಲ.


ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಬೆಂಕಿ ಹತ್ತಿದೆ. ಹಚ್ಚಿದವಳು ನಾನು.

ಟೈಲರ್ ನಿನ್ನೆ ಡಯಾಲಿಸಿಸ್ಸಿಗೆ ಹೋದವನು ಕೌಂಟರಿನಲ್ಲಿ ಹೇಳಿದನಂತೆ — ನನಗೆ ಮೆಸೇಜು ಬೇಡ, ಅದೆಲ್ಲಾ ಸುಳ್ಳಂತೆ, ಕಟ್ಟಿದವರ ಮನೆಯವರೇ ಹೇಳಿದ್ದು. ಪಕ್ಕದ ಹಾಸಿಗೆಯವರೂ ನಮಗೂ ಬೇಡ ಎಂದರಂತೆ. ಕೌಂಟರಿನವಳು ಕಡ್ಡಿಯ ಕಂಪನಿಗೆ ಫೋನು. ಅಲ್ಲಿಂದ ಕಡ್ಡಿಗೆ, ಅವಳ ಮೇಲಿನವನಿಂದ. ಆ ಮನುಷ್ಯ ಕಂಪ್ಯೂಟರಿನಲ್ಲಿ ಮುಖ ತೋರಿಸಿದಾಗಲೆಲ್ಲ ಬೇಗ ಬೇಗ ಅನ್ನುತ್ತಾನೆ. ನಾನಿಟ್ಟ ಹೆಸರು ಅವಸರಪ್ಪ.

ಕಡ್ಡಿ ಅಡುಗೆಮನೆಗೆ ಬಂದಳು. ಕಿರುಚಿದ್ದರೆ ನಾನೂ ಕಿರುಚಬಹುದಿತ್ತು. ಕಿರುಚಲಿಲ್ಲ.

"ಅಜ್ಜಿ, ಟೈಲರ್ ಮಾಮಂಗೆ ಏನ್ ಹೇಳ್ದೆ?"

"ಕಂಡದ್ದು ಹೇಳ್ದೆ."

"ಕಂಡದ್ದು ಅರ್ಧ. ಬಾ ಇಲ್ಲಿ, ಕೂತ್ಕೋ."

ಕೂರಿಸಿದಳು. ಅವಳ ಕುರ್ಚಿಯಲ್ಲೇ. ಗಾಲಿ ಇದೆ, ಜಾರುತ್ತದೆ, ಒಂದು ಕೈಯಲ್ಲಿ ಮೇಜು ಹಿಡಿದುಕೊಂಡೇ ಕೇಳಿದೆ.

"ನನ್ನ ಕೋಡು, ಅಂದ್ರೆ ನಾನು ಬರೆದ ಪ್ರೋಗ್ರಾಂ, ಒಂಟಿಯಾಗಿ ಬದುಕಲ್ಲ ಅಜ್ಜಿ. ರೋಗಿ ಯಾರು ಅಂತ ಡೇಟಾಬೇಸ್ ಹೇಳ್ಬೇಕು. ಟೈಮ್ ಎಷ್ಟು ಅಂತ ಗಡಿಯಾರ ಹೇಳ್ಬೇಕು. ಮೆಸೇಜನ್ನ ಬೇರೆ ಕಂಪನಿ ಹೊತ್ಕೊಂಡು ಹೋಗ್ಬೇಕು. ಈಗ ಏನೋ ತಪ್ಪಾಯ್ತು ಅನ್ನು. ತಪ್ಪು ಯಾರದು?"

"ಒಬ್ರು ಇನ್ನೊಬ್ರ ಮೇಲೆ ಹಾಕ್ತೀರಿ."

"ಅದಕ್ಕೇ. ನನ್ನ ಕೋಡೊಂದನ್ನ ಬಿಟ್ಟು ಉಳಿದವರ ಜಾಗದಲ್ಲೆಲ್ಲಾ ಬೊಂಬೆ ನಿಲ್ಲಿಸ್ತೀನಿ. ಟೈಲರ್ ಮಾಮನ ಅಂಗಡೀಲಿ ಇದೆಯಲ್ಲ, ಅಂಥದ್ದು. ನಾನು ಹೇಳ್ಕೊಟ್ಟದ್ದಷ್ಟೇ ಹೇಳುತ್ತೆ. ಆಗಲೂ ಕೆಂಪು ಬಂದ್ರೆ ಕಳ್ಳಿ ನಾನೇ. ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ."

ಇಷ್ಟು ವರ್ಷ ಎಷ್ಟೋ ಪಂಚಾಯಿತಿ ನೋಡಿದ್ದೇನೆ. ತಪ್ಪು ಹುಡುಕಲು ಕೂತವರು ಮೊದಲು ತಮ್ಮನ್ನು ಬಿಟ್ಟು ಎಣಿಸುತ್ತಾರೆ. ಇವಳು ಉಳಿದವರನ್ನೆಲ್ಲ ಹೊರಗೆ ಕಳಿಸಿ, ತಪ್ಪು ತನ್ನ ಮೇಲೇ ಬೀಳುವ ಹಾಗೆ ಜಾಗ ಮಾಡಿಕೊಂಡು ಕೂತಿದ್ದಾಳೆ. ಇಂಥದ್ದು ಕಂಡಿರಲಿಲ್ಲ.

ಆದರೂ ಸೋಲು ಒಪ್ಪಲಿಲ್ಲ. "ನಿಜವಾದವರನ್ನೇ ಇಟ್ಕೊಂಡು ನೋಡಬಾರ್ದಾ?"

"ನೋಡ್ತೀನಿ, ಕೊನೇಲಿ. ಆದ್ರೆ ಈ ಟೆಸ್ಟು ದಿನಕ್ಕೆ ಎಷ್ಟು ಸಲ ಓಡುತ್ತೋ ಲೆಕ್ಕ ಇಲ್ಲ. ಪ್ರತಿ ಸಲ ನಿಜವಾದ ರೋಗಿಗೆ 'ನಾಳೆ ಬರಬೇಡಿ' ಅಂತ ಹೋದ್ರೆ?"

ಟೈಲರ್‌ನ ಊದಿದ ಕಾಲು ಕಣ್ಣಿಗೆ ಬಂತು.

ಗಡಿಯಾರದ ಬೊಂಬೆ ತೋರಿಸಿದಳು. ಅವಳು ಹೇಳಿದ ಹೊತ್ತೇ ಹೊತ್ತು. ವರ್ಷದ ಕೊನೆಯ ದಿನ ಅಂದಳು, ಆಯಿತು. ಹೊಸ ವರ್ಷ ಅಂದಳು, ಅದೂ ಆಯಿತು. ಫೆಬ್ರವರಿ ಇಪ್ಪತ್ತೊಂಬತ್ತು ಬಂದು ಹೋಯಿತು, ಕಣ್ಣು ಮಿಟುಕಿಸುವುದರೊಳಗೆ. ಆ ದಿನದ ಸರದಿ ಲೆಕ್ಕ ತಪ್ಪುವುದೋ ಎಂದು ತಿಳಿಯಲು ನಾವೆಲ್ಲ ಮುದುಕರಾಗುತ್ತಾ ಕಾಯಬೇಕಿಲ್ಲವಂತೆ.

"ನನ್ನನ್ನೂ ಸ್ವಲ್ಪ ಹಿಂದಕ್ಕೆ ತಿರುಗಿಸೆ."

"ಕೋಡಿಗೆ ಮಾತ್ರ ಅಜ್ಜಿ. ಮಂಡಿಗೆ ಆಗಲ್ಲ."

ಇನ್ನೊಂದು. ಮೆಸೇಜಿನ ಬೊಂಬೆ ಕೂತಲ್ಲೇ ಗುರುತು ಇಟ್ಟುಕೊಳ್ಳುತ್ತದೆ — ನನ್ನನ್ನು ಒಂದೇ ಸಲ ಕರೆದರು, ಈ ಮಾತೇ ಹೇಳಿದರು, ಈ ರೋಗಿಗೇ ಎಂದರು. ಎರಡು ಸಲ ಕರೆದರೆ ಕೆಂಪು. ರೋಗಿಗೆ ಒಂದೇ ಸುದ್ದಿ ಎರಡೆರಡು ಸಲ ಹೋಗಿ ಗಾಬರಿಯಾಗಬಾರದಲ್ಲ. ಅಂಥದ್ದೊಂದನ್ನು ನಿಮ್ಮಮ್ಮನ ಬಾಯಿಗೆ ಕಟ್ಟು, ಮಾತ್ರೆ ವಿಷಯಕ್ಕೆ ಎಂದೆ. ಆಗ ನಕ್ಕಳು. ಬೆಳಗಿನಿಂದ ಮೊದಲ ಸಲ.


ಮಾರ್ಚ್ 10, ಸೋಮವಾರ

ಕೆಡಿಸಿದ್ದನ್ನು ಸರಿಮಾಡಲು ಕೆಳಗೆ ಹೋದೆ. ಟೈಲರ್‌ನಿಗೆ ಎಲ್ಲ ಹೇಳಿದೆ. ಡೇಟಾಬೇಸು ಎಂದೆ, ಮಾಕು ಎಂದೆ, ಕಳ್ಳಿ ತಾನೇ ಎಂದಳು ಎಂದೆ. ಹೇಳಿದಷ್ಟೂ ಕಗ್ಗಂಟಾಯಿತು.

"ಅಂದ್ರೆ ಹುಡುಗಿ ತಪ್ಪು ಒಪ್ಕೊಂಡ್ಲು ಅಂತಾಯ್ತು," ಎಂದಳು ಹೆಂಡತಿ, ಹೊರಡಲು ಚೀಲ ಹೆಗಲಿಗೇರಿಸುತ್ತಾ.

"ಇಲ್ಲ ತಾಯಿ, ಹಾಗಲ್ಲ..."

"ಇರ್ಲಿ ಬಿಡಿ ಅಮ್ಮ. ದಿನಾ ಕೆಲಸ ಮುಗಿಸ್ಕೊಂಡು ಬರೋವಾಗ ನಾನೇ ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬರ್ತೀನಿ. ಇಷ್ಟು ದಿನ ಹಾಗೇ ನಡೀತಲ್ಲ."

ನಡೆಯಲಿಲ್ಲ ಎಂದು ಮೂರೂ ಜನಕ್ಕೆ ಗೊತ್ತು. ಸಂಜೆ ಕೇಳಿಕೊಂಡು ಬಂದದ್ದು ಬೆಳಿಗ್ಗೆಗೆ ಬದಲಾದರೆ ಏನು ಮಾಡುವುದು.

ಕಡ್ಡಿಗೆ ತಿಳಿಸಿದೆ. ಲ್ಯಾಪ್‌ಟಾಪ್ ಮುಚ್ಚಿ ತಾನೇ ಇಳಿದು ಹೋದಳು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

"ಮಾಮ, ಬೊಂಬೆ ಮೇಲೆ ನೋಡಿದ್ದಾಯ್ತು. ಬುಧವಾರ ನಿಜವಾದದ್ದರ ಪರೀಕ್ಷೆ ಇಟ್ಕೊಂಡಿದ್ದೀನಿ. ಮೊದಲನೇ ಮೆಸೇಜ್ ನಿಮಗೇ ಕಳಿಸ್ತೀನಿ. ನಿಮ್ಮ ಕೈಗೆ ಬಂದ್ರೆ ನಂಬಿ, ಇಲ್ಲಾಂದ್ರೆ ಬೇಡ."

ಟೈಲರ್ ಏನೋ ಅಂದ. ಕೇಳಿಸಲಿಲ್ಲ. ಮೆಷಿನ್ ಮತ್ತೆ ಓಡತೊಡಗಿತು.


ಮಾರ್ಚ್ 12, ಬುಧವಾರ

ಬೆಳಿಗ್ಗೆ ಟೈಲರ್‌ನ ಕೋಣೆಯಲ್ಲಿ ಸಭೆ. ಅವನ ಫೋನು ನನ್ನ ಕೈಯಲ್ಲಿ — ಅವನ ಕೈ ಬಟ್ಟೆಯ ಮೇಲೆ ಇರಲಿ ಎಂದು. ಕಡ್ಡಿ ಮೇಲಿನಿಂದ ಕೂಗಿದಳು, "ಕಳಿಸ್ದೆ."

ಫೋನು ಸುಮ್ಮನೆ.

ಇನ್ನೊಂದಿಷ್ಟು ಹೊತ್ತು. ಸುಮ್ಮನೆ. ಟೈಲರ್ ನನ್ನನ್ನು ನೋಡಲಿಲ್ಲ, ನಾನು ಟೈಲರ್‌ನನ್ನು ನೋಡಲಿಲ್ಲ. ಇಬ್ಬರೂ ಫೋನನ್ನು ನೋಡಿದೆವು.

ಕಡ್ಡಿ ಇಳಿದು ಬಂದಳು. ಲ್ಯಾಪ್‌ಟಾಪ್ ಎದೆಗೊತ್ತಿಕೊಂಡು. ಅಲ್ಲಿ ಎಲ್ಲ ಹಸಿರು, ಇಲ್ಲಿ ಫೋನು ಕಪ್ಪು. ನಾನಾಗಿದ್ದರೆ ಫೋನಿಗೆ ಬೈಯುತ್ತಿದ್ದೆ. ಸಿಗ್ನಲ್ಲಿಗೆ ಬೈಯುತ್ತಿದ್ದೆ. ಅವಳು ಚೂರು ಬಟ್ಟೆ ಸರಿಸಿ ನೆಲದ ಮೇಲೆ ಕೂತಳು. ಟಪಟಪ ಬಡಿದಳು. ಮುಖ ಬಿಳುಚಿತು. ಕಿವಿ ಕೆಂಪಾಯಿತು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು.

"ನನ್ನ ತಪ್ಪು ಮಾಮ. ನನ್ನ ಬೊಂಬೆಗೆ ಮೆಸೇಜ್ ಕೊಟ್ರೆ 'ತಲುಪಿಸಿದೆ' ಅನ್ನುತ್ತೆ. ನಿಜವಾದ ಕಂಪನಿ ಮೊದಲು ಹಾಗೇ ಹೇಳ್ತಿತ್ತು. ಈಗ 'ತಗೊಂಡೆ' ಅಂತ ಮಾತ್ರ ಹೇಳುತ್ತೆ. ತಲುಪಿತೋ ಇಲ್ವೋ ಅಂತ ಆಮೇಲೆ ನಾವೇ ಕೇಳ್ಬೇಕು. ನಾನು ಕೇಳ್ತಾನೇ ಇಲ್ಲ. ತಗೊಂಡ್ರಲ್ಲ, ಮುಗೀತು ಅಂತ ಹಸಿರು."

"ತಗೊಂಡು ಏನ್ ಮಾಡಿದ್ರು?" ಎಂದೆ.

"ಇಟ್ಕೊಂಡಿದ್ದಾರೆ. ಮಾಮ ಜಾಹೀರಾತು ಬೇಡ ಅಂತ ತಮ್ಮ ಫೋನಿನಲ್ಲಿ ಹಾಕ್ಸಿದ್ದಾರೆ. ಇದೂ ಜಾಹೀರಾತೇ ಅಂದ್ಕೊಂಡು ತಡೆದಿದ್ದಾರೆ."

ಟೈಲರ್ ಕತ್ತರಿ ಕೆಳಗಿಟ್ಟ. ಕಡ್ಡಿ ಮೂಲೆಯ ಬೊಂಬೆಯನ್ನು ನೋಡುತ್ತಿದ್ದಳು.

"ಈ ಕೋಟು ಯಾರದು ಮಾಮ?"

"ವಕೀಲರದು. ಅವರ ಅಳತೆಗೇ ಬೊಂಬೆ ಮಾಡ್ಸಿದ್ದು, ಮದುವೆ ಕಾಲದಲ್ಲಿ."

"ನಂದೂ ಅದೇ ಕತೆ. ವಕೀಲರು ದಪ್ಪ ಆಗ್ಬಿಟ್ಟಿದ್ದಾರೆ. ನನ್ನ ಬೊಂಬೆ ಇನ್ನೂ ಮದುವೆಗಂಡಿನ ಥರಾ ನಿಂತಿದೆ."

ಟೈಲರ್‌ನ ಮೀಸೆಯಡಿ ಏನೋ ಅಲುಗಿತು. ನಗುವೋ ಏನೋ. ಆದರೂ ಮೆಸೇಜು ಬರಲಿಲ್ಲ ಅನ್ನುವುದು ಬರಲಿಲ್ಲವೇ. ಅವನ ಹೆಂಡತಿ ಸಂಜೆ ಆಸ್ಪತ್ರೆಯ ದಾರಿ ಹಿಡಿದು ಹೋದದ್ದನ್ನು ಕಿಟಕಿಯಿಂದ ನೋಡಿದೆ. ದಿನವಿಡೀ ಒಗೆದ ಕೈ, ಸೋತ ನಡಿಗೆ.


ಮಾರ್ಚ್ 13, ಗುರುವಾರ

ಇವತ್ತಿನದನ್ನು ಚೆನ್ನಾಗಿ ಬರೆದಿಡಬೇಕು.

ಅವಸರಪ್ಪನ ಜೊತೆ ಮಾತುಕತೆ ಇತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ನಾನು ಬಟ್ಟೆ ಮಡಿಚುವ ನೆಪದಲ್ಲಿ ಹೊರಗೆ. ಹದಿನೇಳಕ್ಕೆ ಶುರು ಎಂದು ಆಸ್ಪತ್ರೆಗೆ ಮಾತು ಕೊಟ್ಟಾಗಿದೆಯಂತೆ. ಕಡ್ಡಿಯ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ. ಇದು ಸರಿಯಾಗಿ ಹೋದರೆ ಆಗುತ್ತದೆ. ಅವಳಮ್ಮ ನಿನ್ನೆ ರಾತ್ರಿಯೇ ಹೇಳಿದ್ದಳು, ಸ್ವಲ್ಪ ಹೊಂದ್ಕೊಂಡು ಹೋಗೇ ಎಂದು.

"ಟೆಸ್ಟ್ ಎಲ್ಲಾ ಪಾಸ್ ಆಗಿದೆಯಲ್ಲ? ರಿಪೋರ್ಟ್ ಇದೆ ನನ್ನ ಹತ್ರ," ಎಂದ ಅವಸರಪ್ಪ.

"ಪಾಸ್ ಆಗಿದೆ ಸರ್. ಪಾಸ್ ಆಗಿರೋದೇ ತೊಂದರೆ. ನನ್ನ ಮಾಕ್ ಹಳೇದು. ಅದನ್ನ ನಂಬಿ ಟೆಸ್ಟ್ ಪಾಸ್ ಆಯ್ತು."

"ಒಬ್ಬರ ಫೋನಿಗೆ ತಾನೇ ಹೋಗಿಲ್ಲ? ಮೊದಲು ಶುರು ಮಾಡೋಣ. ಆಮೇಲೆ ಸರಿ ಮಾಡು."

ನನ್ನ ಕೈಯಲ್ಲಿ ದಿಂಬಿನ ಕವರು, ಮಡಿಚುವುದನ್ನು ನಿಲ್ಲಿಸಿದೆ.

"ಆ ಒಬ್ಬರು ನಮ್ಮ ಕೆಳಗಿನ ಮನೇಲಿದ್ದಾರೆ ಸರ್. ಸರದಿ ತಪ್ಪಿದ್ರೆ ಏನಾಗುತ್ತೆ ಅಂತ ನಾನು ನೋಡಿದ್ದೀನಿ. ಅಂಥವರು ಎಷ್ಟು ಜನ ಅಂತ ನನ್ನ ಕೋಡಿಗೆ ಗೊತ್ತೇ ಆಗಲ್ಲ, ಅದು ಎಲ್ಲರಿಗೂ ಹಸಿರು ಅನ್ನುತ್ತೆ. ಹದಿನೇಳಕ್ಕೆ ಆಗಲ್ಲ. ಆಸ್ಪತ್ರೆಗೆ ನಾನೇ ಫೋನ್ ಮಾಡಿ ಹೇಳ್ತೀನಿ, ತಪ್ಪು ನಂದು ಅಂತ."

ದನಿ ಏರಲಿಲ್ಲ. ಇಳಿಯಲೂ ಇಲ್ಲ. ನನಗೆ ಆ ಪ್ರಾಯದಲ್ಲಿ ಗಂಡನ ಮನೆಯಲ್ಲಿ ಹಾಲು ಉಕ್ಕಿದರೆ ತಪ್ಪನ್ನು ಬೆಕ್ಕಿನ ಮೇಲೆ ಹಾಕುವಷ್ಟೇ ಧೈರ್ಯ.

ಅವಸರಪ್ಪ ಹೇಳಿದ, "ಆಸ್ಪತ್ರೆಗೆ ನಾನು ಮಾತಾಡ್ತೀನಿ. ನೀನು ಸರಿ ಮಾಡು. ಸಮಯ ತಗೋ."

ಸಮಯ ತಗೋ. ಆ ಬಾಯಲ್ಲಿ. ಅವಸರಪ್ಪ ಎಂಬ ಹೆಸರು ವಾಪಸು ತೆಗೆದುಕೊಳ್ಳಬೇಕಾಗಬಹುದು. ನೋಡೋಣ.


ಮಾರ್ಚ್ 24, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಫಿಸಿಯೋ ಹುಡುಗಿ ಕೇಳಿದರೆ ಬರೆದೆ ಅನ್ನುತ್ತೇನೆ. ಮನೆಯಲ್ಲಿ ಮಾತೂ ಕಡಿಮೆ. ಕಡ್ಡಿ ಕೋಣೆಯಿಂದ ತಟ್ಟೆಗೆ, ತಟ್ಟೆಯಿಂದ ಕೋಣೆಗೆ. ಮಗಳೂ ಮಾತ್ರೆ ವಿಷಯ ಒಂದೇ ಸಲ ಕೇಳುತ್ತಿದ್ದಾಳೆ. ಮನೆಯ ತುಂಬಾ ಉಸಿರು ಹಿಡಿದ ಹಾಗೆ.

ಕೆಳಗೆ ಟೈಲರ್‌ನ ಮುಖ ಸ್ವಲ್ಪ ಉಬ್ಬಿದೆ. ನೀರು ಅಳೆದು ಕುಡಿಯುತ್ತಾನೆ. ಫೋನು ಮಡಿಲಲ್ಲೇ ಇಟ್ಟುಕೊಂಡು ಹೊಲಿಯುತ್ತಾನೆ. ಕೌಂಟರಿನಿಂದ ಕರೆ ಬಂದೀತೆಂದು ಎರಡು ಹೊಲಿಗೆಗೊಮ್ಮೆ ನಿಲ್ಲಿಸಿ ನೋಡುತ್ತಾನೆ. ಕೋಟು ಹಾಗೇ ನಿಂತಿದೆ.

ಇವತ್ತು ಕಡ್ಡಿ ತಾನಾಗಿ ಕರೆದಳು. ಗಾಲಿ ಕುರ್ಚಿ ಕೊಟ್ಟಳು.

"ಬೊಂಬೆಗಳಿಗೆ ಕೆಟ್ಟ ಬುದ್ಧಿ ಕಲಿಸಿದ್ದೀನಿ ಅಜ್ಜಿ. ನೋಡು."

ಮೊದಲು ಒಂದೇ ಬೊಂಬೆ, ಕೇಳಿದ್ದಕ್ಕೆಲ್ಲ ಹೂಂ ಅನ್ನುವಂಥದ್ದು, ಹೊಸ ಸೊಸೆಯ ಹಾಗೆ. ಈಗ ಒಂದು ಹಿಂಡೇ ಇದೆ. ಒಂದು ಮೆಸೇಜು ತೆಗೆದುಕೊಂಡು ಎಲ್ಲೋ ಇಟ್ಟು ಮರೆಯುತ್ತದೆ. ಒಂದು ಉತ್ತರವೇ ಕೊಡುವುದಿಲ್ಲ, ಮುನಿಸಿಕೊಂಡವರ ಹಾಗೆ. ಒಂದು ತಲುಪಿಸಿದೆ ಎಂದು ಹೇಳಿ ಆಮೇಲೆ ಇಲ್ಲ ಅನ್ನುತ್ತದೆ. ಒಂದು ಅರ್ಧ ಮಾತಾಡಿ ಸತ್ತು ಬೀಳುತ್ತದೆ. ನನ್ನ ನೆಂಟರೆಲ್ಲ ಕಣ್ಮುಂದೆ ಬಂದರು.

ಪ್ರತಿಯೊಂದರ ಎದುರಿಗೂ ಅವಳ ಕೋಡು ನಿಲ್ಲಬೇಕು. ಈ ಮೋಸಕ್ಕೆ ಏನು ಮಾಡುತ್ತೀ, ಆ ಮೋಸಕ್ಕೆ ಏನು ಮಾಡುತ್ತೀ. ತಡೆದಿಟ್ಟರೆ ಸುಮ್ಮನಿರಬಾರದು, ಮತ್ತೆ ಕೇಳಬೇಕು. ತಲುಪಿಲ್ಲವೆಂದರೆ ಇನ್ನೊಂದು ದಾರಿ ಹಿಡಿಯಬೇಕು. ಮೊದಲ ದಿನ ಪರದೆಯೆಲ್ಲ ಕೆಂಪಾಗಿತ್ತಂತೆ. ಒಂದೊಂದನ್ನೇ ಹಸಿರು ಮಾಡಿದ್ದಾಳೆ.

ತನ್ನ ಮನೆಗೆ ತಾನೇ ಕಳ್ಳರನ್ನು ಕರೆಸಿ, ಹೀಗೆ ಬನ್ನಿ, ಈ ಕಿಟಕಿ ತಟ್ಟಿ ನೋಡಿ ಎನ್ನುವ ಮನೆಯೊಡತಿ. ಈ ತಲೆ ಎಲ್ಲಿಂದ ಬಂತು. ನಮ್ಮ ವಂಶದಲ್ಲಂತೂ ಇರಲಿಲ್ಲ.

"ಮತ್ತೆ ಇವೂ ಹಳತಾದ್ರೆ?" ಎಂದೆ.

"ದಿನಾ ಬೆಳಿಗ್ಗೆ ನಿಜವಾದ ಕಂಪನಿಗೆ ಒಂದು ಮೆಸೇಜ್ ಹೋಗುತ್ತೆ, ನನ್ನ ಫೋನಿಗೇ. ಅವರ ಉತ್ತರವನ್ನ ಬೊಂಬೆಯ ಉತ್ತರದ ಪಕ್ಕ ಇಟ್ಟು ನೋಡುತ್ತೆ. ವಕೀಲರು ದಪ್ಪ ಆದ ದಿನವೇ ಗೊತ್ತಾಗುತ್ತೆ."

ಆಸ್ಪತ್ರೆಯ ಮೆಸೇಜು ಜಾಹೀರಾತಲ್ಲ ಎಂದು ಆ ಕಂಪನಿಯಲ್ಲಿ ಬರೆಸಿಯೂ ಆಗಿದೆ. ಅದನ್ನು ಮಾಡಿಸಿದವನು ಅವಸರಪ್ಪ. ಹೆಸರು ಬದಲಿಸುವ ಬಗ್ಗೆ ಯೋಚಿಸುತ್ತಿದ್ದೇನೆ.


ಮಾರ್ಚ್ 27, ಗುರುವಾರ

ಅವಮಾನ ಆಗಿದೆ. ಬರೆದಿಡುತ್ತೇನೆ.

ರೋಗಿಯ ಫೋನಿಗೆ ಮೆಸೇಜು ತಲುಪದಿದ್ದರೆ ಹತ್ತಿರದವರೊಬ್ಬರ ಫೋನಿಗೆ ಹೋಗುವ ಏರ್ಪಾಡು. ಹತ್ತಿರದವರು ಅದರಲ್ಲಿ 'ಗೊತ್ತಾಯಿತು' ಎಂಬುದನ್ನು ಒತ್ತಬೇಕು. ಒತ್ತಿದರೆ ಸರಿ. ಒತ್ತದಿದ್ದರೆ ಕೌಂಟರಿನ ಪರದೆ ಕೆಂಪಾಗುತ್ತದೆ, ಅಲ್ಲಿಯವಳು ಎದ್ದು ಫೋನು ಮಾಡಬೇಕು.

ಟೈಲರ್‌ನಿಗೆ ಹತ್ತಿರದವರು ಯಾರು. ಹೆಂಡತಿಗೆ ಕೆಲಸದಲ್ಲಿ ಫೋನು ಮುಟ್ಟಲು ಬಿಡುವುದಿಲ್ಲ. ಕಡ್ಡಿ ಕೇಳಿದಾಗ ಅವನು ಮೇಲಕ್ಕೆ ಬೆರಳು ತೋರಿಸಿದನಂತೆ. ದೇವರನ್ನಲ್ಲ, ನನ್ನನ್ನು.

"ಅಷ್ಟು ಹೇಳಿದ ಮೇಲೂ ನನ್ನ ನಂಬರೇ ಕೊಟ್ಟನಾ?"

"ನೀನು ಸುದ್ದಿ ಹಿಡ್ಕೊಂಡು ಕೂರಲ್ಲ, ಬಂದ ತಕ್ಷಣ ಹೇಳ್ಬಿಡ್ತೀಯ ಅಂತ ಗೊತ್ತಂತೆ."

ಹೊಗಳಿಕೆಯೋ ಬೈಗುಳವೋ. ಇರಲಿ.

ಅವಮಾನ ಇದಲ್ಲ. ಕಡ್ಡಿಯ ಪರದೆಯಲ್ಲಿ ಈಗ ನನ್ನದೂ ಬೊಂಬೆ ಇದೆ. ಒಂದಲ್ಲ. ಬೇಗ ಒತ್ತುವ ಅಜ್ಜಿ. ಮಲಗಿರುವ ಅಜ್ಜಿ. ಫೋನು ಅಡುಗೆಮನೆಯಲ್ಲಿ ಬಿಟ್ಟು ಬಾಲ್ಕನಿಯಲ್ಲಿ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತ ಅಜ್ಜಿ. ಓದಿ, ಒತ್ತುವುದು ಮರೆತ ಅಜ್ಜಿ. ಒಂದೇ ಸಲಕ್ಕೆ ಹತ್ತು ಸಲ ಒತ್ತುವ ಅಜ್ಜಿ.

"ಇಷ್ಟು ಕೆಟ್ಟವಳೇನೇ ನಾನು?"

"ಸಾಧ್ಯತೆ ಅಜ್ಜಿ. ಎಲ್ಲಾ ನೋಡ್ಬೇಕು."

"ಆ ಬಾಲ್ಕನಿಯದ್ದನ್ನ ತೆಗೆ."

"ಅದನ್ನ ಮಾತ್ರ ತೆಗೆಯಲ್ಲ."

ಐದೂ ಅಜ್ಜಿಯರು ಹಸಿರು. ನಿಜ ಹೇಳಬೇಕೆಂದರೆ, ನನ್ನ ಬಗ್ಗೆ ಇಷ್ಟು ಯೋಚಿಸಿದವರು ಯಾರೂ ಇಲ್ಲ. ಇವಳ ತಾತ ಇದ್ದಾಗ ನಾನು ಏನು ಮಾಡುತ್ತೇನೆಂದು ಒಂದು ಬಗೆಯಲ್ಲೂ ಊಹಿಸಲಿಲ್ಲ. ಇವಳು ಐದು ಬಗೆಯಲ್ಲಿ ಊಹಿಸಿ, ಯಾವ ಬಗೆಯ ಅಜ್ಜಿಯಾದರೂ ಟೈಲರ್ ಉಳಿಯಬೇಕು ಎಂದು ಕಟ್ಟಿದ್ದಾಳೆ.


ಏಪ್ರಿಲ್ 2, ಬುಧವಾರ

ಶುರುವಾಯಿತು. ಸದ್ದಿಲ್ಲ, ಸಂಭ್ರಮವಿಲ್ಲ. ಕಡ್ಡಿ ಒಂದು ಗುಂಡಿ ಒತ್ತಿದಳು, ಉಗುರು ಕಚ್ಚಿದಳು. ಅಷ್ಟೇ.

ಹನ್ನೊಂದರ ಹೊತ್ತಿಗೆ ಟೈಲರ್‌ನ ಫೋನಿಗೆ ಮೊದಲ ಮೆಸೇಜು. ಇವತ್ತಿನ ಸರದಿ ಬದಲಾಗಿಲ್ಲ, ಮಧ್ಯಾಹ್ನ ಮೂರಕ್ಕೆ. ಅವನು ಅದನ್ನು ನನಗೆ ಓದಿಸಿದ. ಹೆಂಡತಿಗೆ ತೋರಿಸಲು ಅಳಿಸದೆ ಇಟ್ಟುಕೊಂಡ. ಹೋಗಿ ಬಂದ. ಮುಖದ ಉಬ್ಬು ಇಳಿದಿದೆ.

"ಬಂತಲ್ಲ ಮಾಮ, ಈಗ ನಂಬ್ತೀರಾ?" ಎಂದಳು ಕಡ್ಡಿ.

"ಬದಲಾಗದೇ ಇದ್ದಾಗ ಬಂತು. ಬದಲಾದಾಗ ಬರ್ಲಿ, ನೋಡೋಣ."

ಕಡ್ಡಿಗೆ ಬೇಜಾರಾಗಲಿಲ್ಲ. "ಸರಿ ಮಾಮ," ಎಂದಳು. ಹೆದರಿದವನಿಗೆ ನಂಬು ಎಂದು ಬಲವಂತ ಮಾಡಲಿಲ್ಲ. ಅದನ್ನೂ ನಾನು ನೋಡಿಕೊಂಡೆ.


ಏಪ್ರಿಲ್ 5, ಶನಿವಾರ. ಬೆಳಿಗ್ಗೆ, ಒಂಬತ್ತೂವರೆ

ಮಗಳು ಶಾಲೆಗೆ. ಕಡ್ಡಿಯನ್ನು ಮೊದಲ ಸಲ ಆಫೀಸಿಗೆ ಕರೆಸಿದ್ದಾರೆ, ಹೋಗಿದ್ದಾಳೆ. ಪರ್ಮನೆಂಟ್ ಮಾತು ಇರಬಹುದು, ಹೇಳಲಿಲ್ಲ, ಆದರೆ ಇಸ್ತ್ರಿ ಅಂಗಿ ಹಾಕಿಕೊಂಡಳು. ಮನೆಯಲ್ಲಿ ನಾನೊಬ್ಬಳೇ. ಕೋಣೆಯ ಬಾಗಿಲು ತೆರೆದಿದೆ, ಕುರ್ಚಿ ಖಾಲಿ. ಪರದೆ ಕಪ್ಪಾಗಿದ್ದರೂ ಅಲ್ಲಿ ಆ ಹಿಂಡೆಲ್ಲ ನಿಂತಿರುವ ಹಾಗೆ ಅನಿಸಿತು. ಮುನಿಸಿಕೊಂಡದ್ದು, ಮರೆಗುಳಿ, ಅರ್ಧಕ್ಕೇ ಸಾಯುವುದು. ಮತ್ತೆ ನಾನು ಐವರು.

ಕೆಳಗೆ ಹೊಲಿಗೆ ಮೆಷಿನ್ನಿನ ಸದ್ದು. ಒಂದೇ ಸಮನೆ ಓಡುತ್ತಿದೆ, ನಡುನಡುವೆ ನಿಲ್ಲುತ್ತಿಲ್ಲ. ಕೋಟಿನ ತೋಳು ಕೂರಿಸುತ್ತಿರಬೇಕು. ಬೆಳಿಗ್ಗೆ ಮೆಟ್ಟಿಲ ಹತ್ತಿರ ಸಿಕ್ಕಾಗ ಸರದಿ ಮೂರಕ್ಕೆ ಎಂದ. ಫೋನು ಎಲ್ಲಿ ಎಂದರೆ ಚಾರ್ಜಿಗೆ ಇಟ್ಟಿದ್ದೇನೆ ಎಂದ. ಆದರೆ ಆ ಬದಿಯಲ್ಲಿ ಕರೆಂಟು ಬೆಳಗಿನಿಂದ ಇಲ್ಲ...

ನನ್ನ ಫೋನು ಗುಂಯ್ ಎಂದಿತು. ಮಗಳೇ ಇರಬೇಕು, ಮಾತ್ರೆ.

ಮಗಳಲ್ಲ. ಡಯಾಲಿಸಿಸ್ ವಿಭಾಗ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಡಯಾಲಿಸಿಸ್ ಮೆಷಿನ್ ಕೆಟ್ಟಿದೆ. ರೋಗಿಯ ಫೋನಿಗೆ ತಲುಪಿಲ್ಲ. ಸರದಿ ಮೂರಕ್ಕಲ್ಲ, ಹತ್ತೂವರೆಗೆ. ದಯವಿಟ್ಟು ತಿಳಿಸಿ.

ಗೊತ್ತಾಯಿತು — ಒತ್ತಿದೆ. ಒಂದೇ ಸಲ.

ಕೆಳಗೆ ಹೊಲಿಗೆ ಮೆಷಿನ್ ಇನ್ನೂ ಓಡುತ್ತಲೇ ಇದೆ. ಇಲ್ಲಿಂದ ಕೂಗಿದರೆ ಕೇಳಿಸುವುದಿಲ್ಲ. ಇಳಿದೇ ಹೋಗಬೇಕು, ಆಟೋ ಕರೆಯಬೇಕು, ಅವನು ಕೋಟು ಬಿಟ್ಟು ಏಳುವುದಿಲ್ಲ, ಕೈಯಿಂದ ಕಿತ್ತುಕೊಂಡಾದರೂ ಎಬ್ಬಿಸಬೇಕು. ಹೊರಟೆ.